ಕೊಂಡಿ ಇರುವ ಸೀರೆ

31 ಅಕ್ಟೋಬರ್ 2024, ಗುರುವಾರ
ನರಕ ಚತುರ್ದಶಿ

ಇಂದು ಬೆಳಗಿನ ಜಾವ ಎಣ್ಣೆನೀರು ಮುಗಿದು, ಆರತಿಯಾದ ಮೇಲೆ ಅವ್ವನ ಕೈಗೆ ಸೀರೆಯನ್ನು ಕೊಟ್ಟೆ. ದಸರೆಯಿಂದೀಚೆಗೆ ನಾನು ಅದನ್ನು ಹುಡುಕಿದ ಬಗೆಯನ್ನು ನೆನಪು ಮಾಸುವ ಮುನ್ನ ಬರೆದಿಡುತ್ತಿದ್ದೇನೆ.

ನೌಕರಿಗೆ ಸೇರಿದಾಗಿನಿಂದ ಪ್ರತಿ ದೀಪಾವಳಿಗೂ ಬೆಂಗಳೂರಿನಿಂದ ಅವ್ವನಿಗೆ ಏನಾದರೊಂದು ತಂದಿದ್ದೇನೆ. ಜರಿಯಂಚಿನ ರೇಷ್ಮೆ ಸೀರೆ, ಉಣ್ಣೆಯ ಶಾಲು, ಬೆಳ್ಳಿಯ ಕುಂಕುಮ ಭರಣಿ, ದೊಡ್ಡ ಅಕ್ಷರದ ಮೊಬೈಲು ಎಲ್ಲವನ್ನೂ ಆಕೆ ಸಂತೋಷದಿಂದಲೇ ಕೈಗೆ ತೆಗೆದುಕೊಂಡು, ದೇವರ ಮುಂದಿಟ್ಟು, ಆಮೇಲೆ ಟ್ರಂಕಿನೊಳಗೆ ಇಟ್ಟಿದ್ದಾಳೆ. ಅಲ್ಲಿಂದ ಅವು ಯಾರದೋ ಸೀಮಂತದ ಕುಬುಸಕ್ಕೋ ಮದುವೆಯ ಆಯೇರಿಗೋ ಹೊರಡುತ್ತವೆ. ಕೊಡುವುದರಲ್ಲಿ ಆಕೆಗಿರುವ ಸುಖವನ್ನು ನಾನು ಬಲ್ಲೆ. ಆದರೂ ಒಂದಾದರೂ ಆಕೆಯ ಮೈಮೇಲೆ ಇರಲಿ ಎಂಬ ಆಸೆ ನನಗಿತ್ತು.

ಈ ಸಲ ದಸರೆಗೆ ಬಂದಿದ್ದೆ. ಬನ್ನಿ ಕೊಟ್ಟ ಮರುದಿನ ಮಧ್ಯಾಹ್ನ ಅವ್ವ ಪಡಸಾಲೆಯ ಕಂಬಕ್ಕೆ ಒರಗಿ ತನ್ನ ಹಳೆಯ ಇಳಕಲ್ ಸೀರೆಯನ್ನು ಹೊಲಿಯುತ್ತಿದ್ದಳು. ದಾಳಿಂಬೆ ಬಣ್ಣದ, ಒಂಬತ್ತು ವಾರಿಯ ಕಚ್ಚೆ ಸೀರೆ. ಹತ್ತಿಯ ಮೈ ಸವೆದು ಜಾಳಾಗಿತ್ತು. ಬೆಳಕಿಗೆ ಹಿಡಿದರೆ ಅಂಗಳದ ತುಳಸಿಕಟ್ಟೆ ಅದರ ಆಚೆ ಕಾಣುತ್ತಿತ್ತು. ರೇಷ್ಮೆಯ ಸೆರಗು ಮಾತ್ರ ಹಾಗೆಯೇ ಇತ್ತು. ಮೂರು ಪಟ್ಟೆ ಕೆಂಪು, ನಡುವೆ ಎರಡು ಪಟ್ಟೆ ಬಿಳಿ, ಅದರ ಮೇಲೆ ತೋಪುತೆನೆ ಎಂಬ ಚಿತ್ತಾರ. "ಸೆರಗ ಇನ್ನೂ ಗಟ್ಟಿ ಐತಿ, ಮೈ ಅಷ್ಟ ಹೋಗೇತಿ," ಎಂದು ಹೇಳಿ ಸೂಜಿಗೆ ಮತ್ತೆ ದಾರ ಪೋಣಿಸಿಕೊಂಡಳು. ಟ್ರಂಕಿನಲ್ಲಿ ಅಷ್ಟು ಹೊಸ ಸೀರೆಗಳಿರುವಾಗ ಇದನ್ನೇಕೆ ಹೊಲಿಯುತ್ತೀ ಎಂದು ಕೇಳಿದೆ. ಅವು ಆರು ವಾರಿಯವು, ಕಚ್ಚೆಗೆ ಸಾಲುವುದಿಲ್ಲ. ಜರಿಯ ಭಾರಕ್ಕೆ ಹೆಗಲು ನೋಯುತ್ತದೆ. ಬೇಸಿಗೆಯಲ್ಲಿ ಮೈಗೆ ಅಂಟುತ್ತವೆ ಎಂದಳು. ಇಷ್ಟು ವರ್ಷ ನಾನು ಕೇಳಿರಲಿಲ್ಲ, ಆಕೆಯೂ ಹೇಳಿರಲಿಲ್ಲ.

ಆಗಲೇ ಅವ್ವ ಸೀರೆಯನ್ನು ಮಗುಚಿ, ಮೈ ಮುಗಿದು ಸೆರಗು ಶುರುವಾಗುವ ಗೆರೆಯನ್ನು ತೋರಿಸಿದಳು. ಇಳಕಲ್ಲಿನ ಕೈಮಗ್ಗದಲ್ಲಿ ಮೈಯ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಮೈಯ ಒಂದೊಂದು ಎಳೆಯನ್ನೂ ಸೆರಗಿನ ರೇಷ್ಮೆಯ ಎಳೆಯೊಳಗೆ ಕುಣಿಕೆಯಂತೆ ತೂರಿಸಿ ಜೋಡಿಸಿದ ಮೇಲೆಯೇ ಸೆರಗಿನ ನೇಯ್ಗೆ ಸಾಗುತ್ತದೆ. ಆ ಜೋಡಣೆಯೇ ಕೊಂಡಿ. ಬೆರಳಾಡಿಸಿದರೆ ಸಣ್ಣದೊಂದು ಏಣು ತಾಕುತ್ತದೆ.

ಬೆಂಗಳೂರಿಗೆ ಮರಳಿದ ವಾರದಲ್ಲೇ ದೊಡ್ಡ ಅಂಗಡಿಯೊಂದರಲ್ಲಿ ಅಪ್ಪಟ ಕೈಮಗ್ಗದ ಇಳಕಲ್ ಎಂದು ಕೊಟ್ಟ ಸೀರೆಯನ್ನು ನಂಬಿ ತಂದೆ. ರಾತ್ರಿ ದೀಪದ ಕೆಳಗೆ ಮಗುಚಿ ನೋಡಿದರೆ ಮೈಯಿಂದ ಸೆರಗಿನ ತುದಿಯವರೆಗೆ ಒಂದೇ ಹಾಸು ಓಡಿತ್ತು, ಕೊಂಡಿಯೇ ಇರಲಿಲ್ಲ. ಅದು ವಿದ್ಯುತ್ ಮಗ್ಗದ್ದು. ಹಿಂದಿರುಗಿಸಲು ಹೋದರೆ ಒಪ್ಪಲಿಲ್ಲ. ಹಣ ಹೋದದ್ದಕ್ಕಿಂತಲೂ, ಅವ್ವ ಕೊಂಡಿಯನ್ನು ತೋರಿಸಿರದಿದ್ದರೆ ಅದನ್ನೇ ಆಕೆಗೆ ಕೊಟ್ಟುಬಿಡುತ್ತಿದ್ದೆನಲ್ಲ ಎಂಬುದು ನನ್ನನ್ನು ಹೆಚ್ಚು ಕಾಡಿತು.

ಮುಂದಿನ ಶನಿವಾರ ನೇರವಾಗಿ ಇಳಕಲ್ಲಿಗೇ ಹೋದೆ. ಹುನಗುಂದದ ಕಡೆಯ ನಮ್ಮೂರಿನಿಂದ ಅದು ದೂರವೇನಲ್ಲ, ಆದರೂ ನೇಕಾರರ ಓಣಿಯೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಮೂರು ಮನೆಗಳಲ್ಲಿ ಒಂಬತ್ತು ವಾರಿ ನೇಯುವುದಿಲ್ಲ, ಕೇಳುವವರಿಲ್ಲ ಎಂದರು. ನಾಲ್ಕನೆಯ ಮನೆಯಲ್ಲಿ ಅದೃಷ್ಟವಶಾತ್ ಯಾರಿಗೋ ಒಪ್ಪಿಕೊಂಡ ಒಂಬತ್ತು ವಾರಿಯ ಹಾಸು ಮಗ್ಗದ ಮೇಲಿತ್ತು. ಗಿರಿಕುಂಕುಮ ಬಣ್ಣ. ನೇಕಾರ ಕುಣಿಮಗ್ಗದೊಳಗೆ ಕಾಲಿಳಿಬಿಟ್ಟು ಕುಳಿತಿದ್ದ. ಆತನ ಹೆಂಡತಿ ನೂಲಿನ ಕಂಡಿಕೆ ಸುತ್ತುವುದನ್ನು ನಿಲ್ಲಿಸಿ, ಕೊಂಡಿ ಹೇಗೆ ಕೂಡಿಸುತ್ತಾರೆಂದು ನಾಲ್ಕು ಎಳೆ ಹಿಡಿದು ತೋರಿಸಿದಳು. ಎಡಗೈ ಬೆರಳಲ್ಲಿ ರೇಷ್ಮೆಯ ಎಳೆ, ಬಲಗೈಯಲ್ಲಿ ಹತ್ತಿಯದು. ಒಂದರೊಳಗೊಂದು ತೂರಿ ಮಡಿಚಿಕೊಳ್ಳುವುದು ನನ್ನ ಕಣ್ಣಿಗೆ ಪೂರ್ತಿ ಸಿಗುವ ಮುನ್ನವೇ ಆಕೆ ಮುಂದಿನ ಎಳೆಗೆ ಹೋಗಿರುತ್ತಿದ್ದಳು. ಇಂಥ ಸಾವಿರಾರು ಎಳೆಗಳನ್ನು ಕೂಡಿಸಿದರೆ ಒಂದು ಸೆರಗು. ಆ ಕೆಲಸಕ್ಕೆ ಅವರು ಹೇಳಿದ ಬೆಲೆಯಲ್ಲಿ ಚೌಕಾಸಿ ಮಾಡಲು ನನಗೆ ಬಾಯಿ ಬರಲಿಲ್ಲ. ಮೊನ್ನೆ ಮಂಗಳವಾರ ಹೋಗಿ ಸೀರೆಯನ್ನು ತಂದೆ.

ಬಣ್ಣ ಹಿಡಿಸುತ್ತದೋ ಇಲ್ಲವೋ ಎಂಬ ಅಳುಕು ಇಂದು ಬೆಳಗಿನವರೆಗೂ ಇತ್ತು. ಅವ್ವ ಬಣ್ಣವನ್ನು ಮೊದಲು ನೋಡಲೇ ಇಲ್ಲ. ಮಡಿಕೆ ಬಿಚ್ಚಿ, ಕಿಟಕಿಯ ಬೆಳಕಿಗೆ ಹೋಗಿ, ಸೆರಗನ್ನು ಮಗುಚಿ, ಹೆಬ್ಬೆರಳನ್ನು ಈ ಅಂಚಿನಿಂದ ಆ ಅಂಚಿನವರೆಗೆ ನಿಧಾನವಾಗಿ ಎಳೆದಳು. "ಕೊಂಡಿ ಐತಿ," ಎಂದಳು. ಆಮೇಲೆ ಸೀರೆಯನ್ನು ಮೊಳ ಹಾಕಿ ಅಳೆದಳು, ಮೂಸಿ ನೋಡಿದಳು, ಗಂಜಿ ಬಿಡಲು ನೀರಲ್ಲಿ ಒಮ್ಮೆ ಅದ್ದಬೇಕೆಂದಳು, ಎಷ್ಟು ಕೊಟ್ಟೆ ಎಂದು ಎರಡು ಸಲ ಕೇಳಿದಳು. ದೇವರ ಮುಂದಿಟ್ಟದ್ದನ್ನು ಟ್ರಂಕಿಗೆ ಒಯ್ಯಲಿಲ್ಲ. ಪಾಡ್ಯದ ದಿನ ಉಡಬೇಕೆಂದು ಗೂಟಕ್ಕೆ ಹಾಕಿದ್ದಾಳೆ.

ಸಂಜೆ ನಾನು ಪಣತಿಗಳಿಗೆ ಬತ್ತಿ ಹಾಕುತ್ತಿದ್ದಾಗ ಒಳಗಿನಿಂದ ಕತ್ತರಿಯ ಸದ್ದು ಕೇಳಿಸಿತು. ಅವ್ವ ದಾಳಿಂಬೆ ಬಣ್ಣದ ಹಳೆಯ ಸೀರೆಯನ್ನು ತೊಡೆಯ ಮೇಲೆ ಹರವಿಕೊಂಡು, ಕೊಂಡಿಯ ಗೆರೆಗೆ ಸರಿಯಾಗಿ ಸೆರಗನ್ನು ಬೇರೆ ಮಾಡುತ್ತಿದ್ದಳು. ಮೈಯ ಅರಿವೆ ಕೌದಿಗಂತೆ. ಸೆರಗಿನಲ್ಲಿ ತಂಗಿಯ ಮಗಳ ಕೂಸಿಗೆ ತಲೆ, ಬೆನ್ನು ಮುಚ್ಚುವ ಕುಂಚಿಗೆ ಹೊಲಿಯುತ್ತಾಳಂತೆ. ಅಳತೆ ನೋಡಲು ಕೂಸನ್ನು ಹಬ್ಬಕ್ಕೆ ಕರೆದುಕೊಂಡು ಬರಲು ಹೇಳು ಎಂದು ನನ್ನ ಕೈಗೆ ಫೋನು ಕೊಟ್ಟಳು.