ಹನ್ನೊಂದೂ ಜನರನ್ನು ಔಟ್ ಮಾಡಿದ ಶೀರ್ಷಿಕೆ

ಕ್ರೀಡಾ ಡೆಸ್ಕಿಗೆ ಸೇರಿದ ಹೊಸತು, 2014ರ ಏಪ್ರಿಲ್. ಪುಟದ ಮೂಲೆಯಲ್ಲಿ ಸಿಂಗಲ್ ಕಾಲಂ ಜಾಗ ಉಳಿದಿತ್ತು. ಇಂಗ್ಲೆಂಡಿನ ಚೆಷೈರ್ ಲೀಗಿನಲ್ಲಿ ವಿರಲ್ ಕ್ಲಬ್, ಹ್ಯಾಸ್ಲಿಂಗ್ಟನ್ ಎದುರು 109 ರನ್ ಬೆನ್ನಟ್ಟಿ ಮೂರೇ ರನ್ನಿಗೆ ಆಲೌಟ್ ಆದ ಸುದ್ದಿ ಸಿಕ್ಕಿತು. ‘ಹನ್ನೊಂದೂ ಮಂದಿ ಸೊನ್ನೆಗೆ ಔಟ್!’ ಅಂತ ಶೀರ್ಷಿಕೆ ಕೊಟ್ಟು ಪುಟ ಬಿಟ್ಟೆ.

ಮರುದಿನ ಫೋನ್ ಬಂತು. ಆ ಕಡೆ ಮಲೆನಾಡಿನ ಹಿರಿಯರೊಬ್ಬರು. ಸಿಟ್ಟಿಲ್ಲ, ನಗು.

“ಅಲ್ಲ ಮಾರಾಯ್ರೆ, ಹನ್ನೊಂದೂ ಜನ ಔಟಾಗಿದ್ದಾರೆ ಅಂತೀರಿ. ಕೊನೆಯವನು ಔಟಾಗುವಾಗ ಆ ತುದಿಯಲ್ಲಿ ನಿಂತಿದ್ದವರು ಯಾರು?”

ಬಾಯಿ ಕಟ್ಟಿತು. ಹತ್ತು ವಿಕೆಟ್ ಬಿದ್ದರೆ ಆಟ ಮುಗಿಯಿತು, ಒಬ್ಬ ಉಳಿಯಲೇಬೇಕು. ಇದು ಓಣಿ ಹುಡುಗರಿಗೂ ಗೊತ್ತು. ಸ್ಕೋರ್‌ಕಾರ್ಡ್ ತೆಗೆದು ನೋಡಿದರೆ ಹತ್ತು ಜನ ಸೊನ್ನೆ, ಕೊನೆಯವನದು ಒಂದು, ಬ್ಯಾಟಿಗಲ್ಲದೆ ಮೈಗೆ ತಾಗಿ ಬಂದ ಇತರೆ ರನ್, ಅಂದರೆ ಲೆಗ್ ಬೈ, ಎರಡು. ಕೂಡಿದರೆ ಮೂರು. ಆ ಮೂರನ್ನು ಸುದ್ದಿಯೊಳಗೆ ನಾನೇ ಬರೆದಿದ್ದೆ, ಕೂಡಿ ನೋಡಿರಲಿಲ್ಲ ಅಷ್ಟೆ. ಇಡೀ ತಂಡದಲ್ಲಿ ಬ್ಯಾಟಿನಿಂದ ಬಂದ ಒಂದೇ ಒಂದು ರನ್ ಹೊಡೆದವನನ್ನೇ ನಾನು ಸೊನ್ನೆ ಸುತ್ತಿಸಿದ್ದೆ!

ಅಂದಿನಿಂದ ಇಂಥ ಸುದ್ದಿ ಬಂದರೆ ಮೊದಲು ಇತರೆ ರನ್ನಿನ ಸಾಲು ನೋಡುತ್ತೇನೆ, ಶೀರ್ಷಿಕೆ ಆಮೇಲೆ. 2024ರಲ್ಲಿ ಸಸೆಕ್ಸಿನ ಸೌತ್‌ವಿಕ್ ಅಂಡ್ ಶೋರ್‌ಹ್ಯಾಮ್ ಕ್ಲಬ್ ಸಿಕ್ಸರ್ ನಿಷೇಧಿಸಿತಲ್ಲ, ಆಗ ‘ಸಿಕ್ಸ್ ಹೊಡೆದರೆ ಔಟ್’ ಅಂತ ಬರೆಯಲು ಬೆರಳು ತುರಿಸುತ್ತಿತ್ತು. ಪೂರ್ತಿ ಓದಿದೆ. ಮೊದಲ ಸಿಕ್ಸಿಗೆ ರನ್ ಇಲ್ಲ, ಆಮೇಲೆ ಹೊಡೆದರೆ ಔಟ್. ಅಕ್ಕಪಕ್ಕದ ಮನೆಗಳ ಕಿಟಕಿ, ಕಾರುಗಳಿಗೆ ಚೆಂಡು ಬೀಳುತ್ತಿತ್ತಂತೆ. ನಮ್ಮ ಓಣಿಯಲ್ಲಿ ಕಾಂಪೌಂಡ್ ದಾಟಿದರೆ ಮೊದಲ ಸಲವೇ ಔಟ್. 1790ರಲ್ಲಿ ಹುಟ್ಟಿದ ಆ ಕ್ಲಬ್ಬಿಗೆ ಸ್ವಲ್ಪ ಕರುಣೆ ಜಾಸ್ತಿ.

ಮೊನ್ನೆ ಹೊಸ ಹುಡುಗನೊಬ್ಬ ಬ್ರ್ಯಾಂಬಲ್ ಬ್ಯಾಂಕ್ ಪಂದ್ಯದ ಸುದ್ದಿ ಹಿಡಿದು ಬಂದ. ಇಂಗ್ಲೆಂಡಿನ ದಕ್ಷಿಣ ತೀರಕ್ಕೂ ವೈಟ್ ದ್ವೀಪಕ್ಕೂ ನಡುವಿನ ಸೊಲೆಂಟ್ ಕಡಲಲ್ಲಿ, ವರ್ಷಕ್ಕೊಮ್ಮೆ ನೀರು ತೀರಾ ಇಳಿದಾಗ ಮರಳದಿಬ್ಬವೊಂದು ಸ್ವಲ್ಪ ಹೊತ್ತು ಮೇಲೇಳುತ್ತದೆ. ರಾಯಲ್ ಸದರ್ನ್, ಐಲ್ಯಾಂಡ್ ಸೇಲಿಂಗ್ ಎಂಬ ಎರಡು ದೋಣಿ ಕ್ಲಬ್ಬಿನವರು ಅಲ್ಲಿ ಇಳಿದು, ನೀರಿನ ಹೊಂಡಗಳ ನಡುವೆ ಸ್ಟಂಪ್ ನೆಟ್ಟು ಆಡುತ್ತಾರೆ. ಉಬ್ಬರ ಬಂತೋ, ಗಂಟುಮೂಟೆ ಕಟ್ಟಿದರು. ಗೆಲುವು ಒಂದು ವರ್ಷ ಇವರದು, ಮರುವರ್ಷ ಅವರದು. ಮೊದಲೇ ಆದ ಒಪ್ಪಂದ.

“ಸರ್, ಸ್ಕೋರ್ ಎಲ್ಲೂ ಸಿಗ್ತಿಲ್ಲ, ಏನ್ ಹಾಕ್ಲಿ?”

“ಸ್ಕೋರ್ ಬಿಡಪ್ಪ. ಈ ವರ್ಷ ಯಾರ ಸರದಿ ಅಂತ ನೋಡು.”