ಎಕ್ಸ್52 ಬಿರುಕು ನಿಂತಿತು, ಎಕ್ಸ್70 ಬೇರೆ ತಗಾದೆ ತೆಗೆದಿದೆ

ಹಳೇ ಎಕ್ಸ್52 ಪೈಪಿನ ತುಂಡು ಕೊನೆಗೂ ಬಿರುಕಿಲ್ಲದೆ ಬೆಸುಗೆಯಲ್ಲಿ ಕೂಡಿಕೊಂಡಿತು. (ಎಕ್ಸ್52, ಎಕ್ಸ್70 ಅಂದರೆ ತೈಲ, ಗ್ಯಾಸ್ ಪೈಪಿನ ಉಕ್ಕಿನ ದರ್ಜೆಗಳು.) ತುಂಬ ಖುಷಿಯಾಗಿದೆ!

ಕಾಟ ಕೊಟ್ಟಿದ್ದು ಹಾಝ್ (HAZ), ಅಂದರೆ ಬೆಸುಗೆ ಪಕ್ಕದಲ್ಲಿ ಕರಗದೆ ಬರೀ ಬಿಸಿಗೆ ಬದಲಾದ ಉಕ್ಕು. ಹೊರಗಿನಿಂದ ಬೆಸುಗೆ ಲಕ್ಷಣವಾಗಿ ಕಾಣುತ್ತಿತ್ತು. ಮರುದಿನ ಅಡ್ಡ ಕೊಯ್ದು, ಪಾಲಿಶ್ ಮಾಡಿ, 2% ನೈಟಾಲ್ (ಆಲ್ಕೋಹಾಲ್‌ನಲ್ಲಿ ನೈಟ್ರಿಕ್ ಆಮ್ಲ) ಸವರಿದರೆ ಬೆಸುಗೆ ಗೆರೆಯ ಪಕ್ಕದಲ್ಲೇ ಕೂದಲೆಳೆಯಂಥ ಸೀಳು. ಅದೇ 6010 ಬೆಸುಗೆ ರಾಡ್, ಅದೇ ಕರೆಂಟ್, ಅಷ್ಟೇ ದಪ್ಪದ ಎಕ್ಸ್70 ತುಂಡಿಗೆ ಏನೂ ಆಗುತ್ತಿರಲಿಲ್ಲ. ಜಾಸ್ತಿ ಗಟ್ಟಿ ಇರುವುದು ಎಕ್ಸ್70 ಅಲ್ವಾ? ಅದರ ಕನಿಷ್ಠ ಯೀಲ್ಡ್ (ಉಕ್ಕು ಶಾಶ್ವತವಾಗಿ ಬಾಗತೊಡಗುವ ಒತ್ತಡ) 485 ಎಂಪಿಎ, ಎಕ್ಸ್52ರದು 360. ಮತ್ತೆ ಸೀಳಿದ್ದು ಮೆತ್ತಗಿನದು!

ಗುಟ್ಟು ಕಾರ್ಬನ್‌ನಲ್ಲಿದೆ. ಹಳೇ ಎಕ್ಸ್52ರ ಬಲವೆಲ್ಲ ಕಾರ್ಬನ್, ಮ್ಯಾಂಗನೀಸ್‌ನದು. ಅದರಲ್ಲಿ ಕಾರ್ಬನ್ 0.2% ದಾಟಿರುವುದು ಸಾಮಾನ್ಯ. ಬೆಸುಗೆ ಬೇಗ ತಣಿದರೆ ಹಾಝ್‌ನಲ್ಲಿ ಮಾರ್ಟೆನ್ಸೈಟ್ ಎಂಬ ಗಡಸಾದ, ಸುಲಭಕ್ಕೆ ಸೀಳುವ ರಚನೆ ಹುಟ್ಟುತ್ತದೆ. ಗಡಸು 350 ವಿಕರ್ಸ್ (ಗಡಸುತನದ ಅಳತೆ) ಮೀರಿತೆಂದರೆ ಹೈಡ್ರೋಜನ್ ಬಿರುಕಿಗೆ, ಅಂದರೆ ಬೆಸುಗೆಯಲ್ಲಿ ಸೇರಿದ ಹೈಡ್ರೋಜನ್ ಆಮೇಲೆ ಗಡಸು ಉಕ್ಕನ್ನು ಸೀಳುವುದಕ್ಕೆ, ಹೆದರಲೇಬೇಕು. 6010ರ ಸೆಲ್ಯುಲೋಸ್ ಕೋಟಿಂಗ್ ಹೈಡ್ರೋಜನ್ನನ್ನು ಧಾರಾಳವಾಗಿ ಬಿಡುತ್ತದೆ. ಅದನ್ನು ಓವನ್‌ನಲ್ಲಿ ಒಣಗಿಸುವಂತೆಯೂ ಇಲ್ಲ, ಆ ಕೋಟಿಂಗ್‌ಗೆ ಸ್ವಲ್ಪ ತೇವ ಬೇಕೇ ಬೇಕು.

ಹಾಗಾಗಿ ಬೆಸುಗೆ ಬೇಗ ತಣಿಯದಂತೆ ಪೈಪನ್ನೇ ಮೊದಲು 150 ಡಿಗ್ರಿಗೆ ಬಿಸಿ ಮಾಡಿದೆ. 6010 ರೂಟ್ (ತಳದ ಮೊದಲ ಪದರ) ಮುಗಿದ ತಕ್ಷಣ, ಅದು ಆರುವ ಮೊದಲೇ ಹಾಟ್ ಪಾಸ್, ಅಂದರೆ ಎರಡನೇ ಪದರ. ಮೇಲೆ ತುಂಬಿದ್ದು 7018, ಹೈಡ್ರೋಜನ್ ಕಡಿಮೆ ಬಿಡುವ ರಾಡ್. ಮುಗಿದ ಮೇಲೆ ರಾಕ್‌ವುಲ್ (ಬಿಸಿ ತಡೆಯುವ ಕಲ್ಲಿನ ನಾರು) ಹೊದಿಸಿ ನಿಧಾನಕ್ಕೆ ತಣಿಯಲು ಬಿಟ್ಟೆ, ಒಳಗಿನ ಹೈಡ್ರೋಜನ್ ಹೊರಗೆ ಹೋಗಲಿ ಅಂತ.

ಅಂಗಡಿಯವರ ಮೇಲೆ ಸಿಟ್ಟು ಇನ್ನೂ ಇಳಿದಿಲ್ಲ. 7018 ಪ್ಯಾಕೆಟ್ ಒಡೆದಿಟ್ಟು, ಮಳೆಗಾಲದಲ್ಲಿ, ಕಿಲೋ ಲೆಕ್ಕದಲ್ಲಿ ಮಾರುತ್ತಾರೆ! ತೇವ ಹೀರಿಕೊಂಡರೆ ಅದೂ ಹೈಡ್ರೋಜನ್ ಬಿಡುತ್ತದೆ, ಲೋ ಹೈಡ್ರೋಜನ್ ರಾಡ್‌ಗೆ ಅದಕ್ಕಿಂತ ಅನ್ಯಾಯ ಇಲ್ಲ. 350 ಡಿಗ್ರಿಯಲ್ಲಿ ಬೇಯಿಸಿದ ಮೇಲೇ ಬಳಸಿದೆ.

ಈಗ ಎಕ್ಸ್70. ಅದರ ಬಲ ಇರುವುದು ಸಣ್ಣ ಗ್ರೇನ್‌ಗಳಲ್ಲಿ (ಉಕ್ಕಿನೊಳಗಿನ ಹರಳುಗಳಲ್ಲಿ): ನಿಯೋಬಿಯಂ ಸೇರಿಸಿ, ಉಷ್ಣತೆ ಹಿಡಿತದಲ್ಲಿಟ್ಟು ರೋಲ್ ಮಾಡಿ ಗಳಿಸಿದ ಬಲ. ಕಾರ್ಬನ್ ಕಡಿಮೆ, ಬಿರುಕಿನ ಭಯವೂ ಕಡಿಮೆ. ಆದರೆ ನಿಧಾನಕ್ಕೆ, ರಾಡನ್ನು ಅತ್ತಿತ್ತ ಆಡಿಸಿ ಅಗಲವಾಗಿ ವೀವ್ ಮಾಡಿದ ಕಡೆ ಫ್ಯೂಷನ್ ಲೈನ್ (ಕರಗಿದ, ಕರಗದ ಉಕ್ಕಿನ ಗಡಿ) ಪಕ್ಕ ಗ್ರೇನ್‌ಗಳು ಊದಿಕೊಂಡಿವೆ. ಆ ರೋಲಿಂಗನ್ನು ನಮ್ಮ ಶೆಡ್‌ನಲ್ಲಿ ಮತ್ತೆ ಮಾಡಲಾಗದು. ಸಣ್ಣ ಸಣ್ಣ ಸ್ಟ್ರಿಂಗರ್ ಪಾಸ್‌ಗಳೇ (ಆಡಿಸದೆ ನೇರಕ್ಕೆ ಎಳೆದ ಕಿರಿದಾದ ಪದರಗಳೇ) ದಾರಿ. ಮೇಲಿನ ಪಾಸಿನ ಬಿಸಿ ಕೆಳಗಿನ ಹಾಝ್‌ನ ಗ್ರೇನನ್ನು ಒಂದಿಷ್ಟಾದರೂ ಸಣ್ಣದು ಮಾಡುತ್ತದೆ.

ಗ್ರೇನ್ ಊದಿದ್ದರಿಂದ ಟಫ್‌ನೆಸ್ (ಪೆಟ್ಟಿಗೆ ಮುರಿಯದೆ ತಾಳುವ ಗುಣ) ಎಷ್ಟು ಇಳಿಯಿತು ಅನ್ನುವುದನ್ನು ಗಡಸುತನ ಹೇಳುವುದಿಲ್ಲ. ಅದಕ್ಕೇ ಮುಂದೆ ಚಾರ್ಪಿ ಲೋಲಕ ಕಟ್ಟುತ್ತೇನೆ, ತುಂಡನ್ನು ಒಂದೇ ಪೆಟ್ಟಿಗೆ ಮುರಿದು ಎಷ್ಟು ಶಕ್ತಿ ಹಿಡಿಯಿತೆಂದು ಅಳೆಯುವ ಯಂತ್ರ. 10 x 10 x 55 ಮಿ.ಮೀ. ತುಂಡು, 2 ಮಿ.ಮೀ. ಆಳದ ವಿ ನಾಚ್ (ವಿ ಆಕಾರದ ಕಚ್ಚು). ಗುಜರಿಯಲ್ಲಿ ಒಳ್ಳೇ ಬೇರಿಂಗ್ ಹುಡುಕುತ್ತಿದ್ದೇನೆ.