ಹಳೇ ಎಂಟರ್‌ಪ್ರೈಸ್ ಹಾಯಿದೋಣಿ: ರಿಪೇರಿಗೆ ಕೈ ಹಾಕೋದೋ, ಬಿಡೋದೋ

ಜನವರಿ

ಜೋಗುಪಾಳ್ಯದ ಒಂದು ಹಳೇ ಮನೆಯ ಹಿತ್ತಲಲ್ಲಿ, ತಗಡಿನ ಶೆಡ್ಡಿನ ಕೆಳಗೆ, ಹದಿಮೂರು ಅಡಿ ಉದ್ದದ ಮರದ ಹಾಯಿದೋಣಿ ಬಿದ್ದಿದೆ. ಮನೆಯ ಆಂಟಿ ಅದನ್ನು ಬಿಟ್ಟಿಯಾಗಿಯೇ ಕೊಡುತ್ತಾರೆ. ಅವರ ಯಜಮಾನರು ಸೈನ್ಯದಲ್ಲಿದ್ದವರು. ಹಲಸೂರು ಕೆರೆಗೆ ಅಂಟಿಕೊಂಡೇ ಇರುವ, ಸೈನ್ಯದ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನ ಕೇಂದ್ರಕ್ಕೆ ಬಂದಾಗ ಹಾಯಿ ಬಿಡುವ ಹುಚ್ಚು ಹತ್ತಿತಂತೆ, ನಿವೃತ್ತಿಯಾದ ಮೇಲೆ ಸ್ವಂತಕ್ಕೆ ಒಂದು ದೋಣಿ ಕೊಂಡರಂತೆ. ಅವರು ತೀರಿಕೊಂಡ ಮೇಲೆ ಅದನ್ನು ಮುಟ್ಟಿದವರಿಲ್ಲ.

ಆಂಟಿಯದು ಒಂದೇ ಷರತ್ತು. "ತೊಗೊಂಡ್ಹೋಗಪ್ಪ, ಬೇಡ ಅನ್ನಲ್ಲ. ಆದ್ರೆ ಅರ್ಧಂಬರ್ಧ ಬಿಚ್ಚಿ ನಿಮ್ಮನೆ ಮುಂದೆ ಹಾಕ್ಕೊಂಡು ಕೂರೋ ಹಾಗಿದ್ರೆ ಬೇಡ. ಆಗಲ್ಲ ಅನ್ಸಿದ್ರೆ ಬಾಯ್ಬಿಟ್ಟು ಹೇಳು, ನಾನೇ ಸೌದೆಗೆ ಕೊಟ್ಬಿಡ್ತೀನಿ."

ಅವರು ಹೇಳಿದ್ದು ಸರಿಯಾಗಿಯೇ ಇದೆ. ಹಾಗಾಗಿ ದೋಣಿಯನ್ನು ಇದ್ದ ಜಾಗದಲ್ಲೇ ಪರೀಕ್ಷೆ ಮಾಡಿ, ಆಮೇಲೆ ಮನೆಗೆ ತರುವ ವಿಚಾರ ಅಂತ ಇಟ್ಟುಕೊಂಡಿದ್ದೇನೆ. ಒಮ್ಮೆ ಮನೆಗೆ ಬಂತು ಅಂದರೆ ಕಣ್ಣಿಗೆ ಅದರ ದೋಷ ಕಾಣುವುದಿಲ್ಲ. ಮಮತೆ ಬೆಳೆದುಬಿಡುತ್ತದೆ.

ಯಾವ ದೋಣಿ ಇದು ಅನ್ನುವುದು ಗೊತ್ತಾಗಲು ತಡವಾಗಲಿಲ್ಲ. ಅಟ್ಟದ ಮೇಲಿದ್ದ ಚೀಲದಿಂದ ಹಾಯಿ ಇಳಿಸಿದಾಗ ತಿಳಿನೀಲಿ ಬಟ್ಟೆ, ಅದರ ಮೇಲೆ ದೊಡ್ಡ 'ಇ' ಅಕ್ಷರ. ಎಂಟರ್‌ಪ್ರೈಸ್ ಡಿಂಗಿ, ಅಂದರೆ ಮೇಲೆ ಮುಚ್ಚಿಗೆಯಿಲ್ಲದ ಸಣ್ಣ ಹಾಯಿದೋಣಿ. ಇಂಗ್ಲೆಂಡಿನ ಜಾಕ್ ಹೋಲ್ಟ್ 1956ರಲ್ಲಿ ರೂಪಿಸಿದ್ದು, ಅಲ್ಲಿನ ನ್ಯೂಸ್ ಕ್ರಾನಿಕಲ್ ಪತ್ರಿಕೆ ಬೆನ್ನಿಗೆ ನಿಂತು ಜನರಿಗೆ ತಲುಪಿಸಿದ್ದು. ಉದ್ದ 4.04 ಮೀಟರ್, ಇಬ್ಬರು ಕೂತು ಓಡಿಸುವಂಥದ್ದು. ಮನೆಯಲ್ಲೇ ಪ್ಲೈವುಡ್ ಕತ್ತರಿಸಿ ಜೋಡಿಸಿಕೊಳ್ಳಲಿ ಅಂತಲೇ ಅದರ ಮೈಯನ್ನು ಉರುಟಾಗಿ ಬಗ್ಗಿಸದೆ ಚಪ್ಪಟೆ ಹಲಗೆಗಳನ್ನು ಕೋನದಲ್ಲಿ ಕೂಡಿಸಿ ಮಾಡಿದ್ದಾರೆ. ಪ್ರತಿ ಬದಿಗೂ ಅಂಥ ಎರಡೆರಡು ಮೂಲೆ. ನನ್ನಂಥ ಹವ್ಯಾಸಿಗೆ ಧೈರ್ಯ ಬರುವುದು ಇಲ್ಲೇ. ಮನೆಯಲ್ಲಿ ಕಟ್ಟಲು ಆಗುವುದನ್ನು ಮನೆಯಲ್ಲಿ ರಿಪೇರಿ ಮಾಡಲೂ ಆಗಬೇಕು.

ಬಿಚ್ಚುವ ಮೊದಲೇ ಒಂದು ಗೆರೆ ಎಳೆದುಕೊಂಡೆ. ಮಧ್ಯದಲ್ಲಿ ಮೂತಿಯಿಂದ ಹಿಂಬದಿಯವರೆಗೆ ಓಡುವ ಬೆನ್ನುಮರ, ಮತ್ತು ಹಲಗೆಗಳು ಕೂಡುವ ಮೂಲೆಪಟ್ಟಿಗಳು. ಇವೆರಡು ಗಟ್ಟಿಯಿದ್ದರೆ ಮುಂದುವರಿಯುವುದು. ಬೆನ್ನುಮರವೇ ಉದ್ದಕ್ಕೂ ಕೊಳೆತುಹೋಗಿದ್ದರೆ ಕೈ ಮುಗಿಯುವುದು. ಹಲಗೆ, ಅಂಚುಪಟ್ಟಿ, ಹಿಂಬದಿಯನ್ನು ಮುಚ್ಚುವ ಅಡ್ಡಹಲಗೆ (ಟ್ರಾನ್ಸಮ್), ಬಣ್ಣ, ಹಗ್ಗ, ಇವೆಲ್ಲ ಬದಲಾಯಿಸಬಹುದಾದ ಸಾಮಾನು. ಬಣ್ಣ ಎದ್ದಿದೆ ಅಂತ ಹೆದರಿ ಒಳ್ಳೇ ದೋಣಿ ಬಿಟ್ಟವರೂ ಇದ್ದಾರೆ, ಬಣ್ಣ ಹೊಳೆಯುತ್ತಿದೆ ಅಂತ ಹಾಳಾದ ದೋಣಿ ಕೊಂಡವರೂ ಇದ್ದಾರೆ.

ಫೆಬ್ರವರಿ

ಒಳಗಿದ್ದ ಕಸ ತೆಗೆದೆ. ಒಣಗಿದ ಎಲೆ, ಮುರಿದ ಹೂಕುಂಡ, ಯಾರದೋ ಸೈಕಲ್ಲಿನ ಟೈರು. ಎಲ್ಲದರ ಅಡಿಯಲ್ಲಿ ಕಪ್ಪು ಕೆಸರು.

ಕಥೆ ಹೇಳಿದ್ದು ಆ ಕೆಸರೇ. ದೋಣಿಯ ಮೂತಿಯನ್ನು ಇಟ್ಟಿಗೆ ಪೇರಿಸಿ ಎತ್ತರಿಸಿದ್ದರು, ಹಿಂಬದಿ ನೆಲಕ್ಕೆ ಹತ್ತಿರ. ತಗಡಿನಲ್ಲಿ ಒಂದು ತೂತು. ಬೆಂಗಳೂರಿನ ಮಳೆ ಮೇ ತಿಂಗಳಲ್ಲಿ ಒಮ್ಮೆ ಜೋರಾಗಿ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಇನ್ನೂ ಜೋರಾಗಿ ಸುರಿಯುತ್ತದೆ. ಒಳಗೆ ಬಿದ್ದ ನೀರೆಲ್ಲ ಹರಿದು ಹಿಂಬದಿಗೆ ಬಂದು ನಿಂತಿದೆ. ವರ್ಷವರ್ಷವೂ ಅದೇ.

ಕೆಸರು ಬಳಿದ ಮೇಲೆ ತೂಕ. ನಮ್ಮ ಬೀದಿಯ ಗುಜರಿ ಅಂಗಡಿಯವರ ಹತ್ತಿರ ಕೊಕ್ಕೆಗೆ ನೇತುಹಾಕುವ ಎಲೆಕ್ಟ್ರಾನಿಕ್ ತಕ್ಕಡಿ ಇದೆ. ಮೊದಲು ಮೂತಿ ಎತ್ತಿ ಒಂದು ಲೆಕ್ಕ, ಆಮೇಲೆ ಹಿಂಬದಿ ಎತ್ತಿ ಇನ್ನೊಂದು, ಎರಡನ್ನೂ ಕೂಡಿದರೆ 121 ಕೆ.ಜಿ. ಎಂಟರ್‌ಪ್ರೈಸ್ ದೋಣಿಗಳ ಸ್ಪರ್ಧೆಯ ನಿಯಮದಲ್ಲಿ ಬರಿಮೈ ದೋಣಿಯ ಕನಿಷ್ಠ ತೂಕ 94. ಹೆಚ್ಚಿನ ತೂಕದಲ್ಲಿ ಬಣ್ಣದ ಪದರಗಳದ್ದು ಸ್ವಲ್ಪ, ಉಳಿದದ್ದು ಮರ ಕುಡಿದ ನೀರು. ತಗಡಿನ ತೂತಿಗೆ ಟಾರ್ಪಾಲಿನ್ ಕಟ್ಟಿ, ದೋಣಿಯನ್ನು ಮಗುಚಿ, ಕೆಳಗೆ ಗಾಳಿಯಾಡಲು ಮರದ ತುಂಡು ಕೊಟ್ಟು ಒಣಗಲು ಬಿಟ್ಟೆ. ಬಿಸಿಲಿಗೆ ಇಡಲಿಲ್ಲ. ನೆನೆದ ಪ್ಲೈವುಡ್ಡನ್ನು ಒಮ್ಮೆಲೇ ಬಿಸಿಲಿಗೆ ಒಡ್ಡಿದರೆ ಚೆನ್ನಾಗಿರುವ ಪದರವೂ ಸೀಳುತ್ತದೆ.

ಮಾರ್ಚ್

ಈಗ ತೂಕ 109. ಹನ್ನೆರಡು ಕೆ.ಜಿ. ನೀರು ಗಾಳಿಗೆ ಹೋಯಿತು.

ಈ ತಿಂಗಳ ದೊಡ್ಡ ಕೆಲಸ ಆಚಾರ್ರನ್ನು ಕರೆದುಕೊಂಡು ಹೋದದ್ದು. ನಮ್ಮ ಮನೆಯ ಬಾಗಿಲು ಕಿಟಕಿ ಮಾಡಿಕೊಟ್ಟವರು, ಕುಂದಾಪುರದ ಕಡೆಯವರು. ಇಲ್ಲಿ ವಾರ್ಡ್‌ರೋಬ್ ಕೆಲಸ ಮಾಡಿಕೊಂಡಿದ್ದರೂ ಅವರ ತಂದೆ ಊರಲ್ಲಿ ಮೀನುಗಾರರ ದೋಣಿ ಕಟ್ಟುತ್ತಿದ್ದರು. ಹೆಬ್ಬಲಸಿನ ಹಲಗೆ ಕೂಡಿಸುವುದು, ಗೇರೆಣ್ಣೆ ಬಳಿಯುವುದು, ಎಲ್ಲ ಚಿಕ್ಕಂದಿನಲ್ಲಿ ನೋಡಿ ಬೆಳೆದವರು. ಶೆಡ್ಡಿನೊಳಗೆ ಕಾಲಿಟ್ಟ ಕೂಡಲೇ ಬಗ್ಗಿ ಹಿಂಬದಿಯ ಮೂಲೆಗೆ ಮೂಗು ಹಿಡಿದರು. "ಅಣಬಿ ವಾಸ್ನಿ ಬತ್ತ್ ಕಾಣಿ," ಅಂದರು. ನಾನೂ ಮೂಸಿದೆ. ಹೌದು, ಮಳೆಗಾಲದ ಕೊಟ್ಟಿಗೆಯ ವಾಸನೆ.

ಆಮೇಲೆ ಹೇಳಿದ ಮಾತು ನನಗೆ ಪುಸ್ತಕದಿಂದ ಗೊತ್ತಿದ್ದರೂ ಅವರ ಬಾಯಲ್ಲಿ ಕೇಳಿದಾಗ ಮನಸ್ಸಿಗೆ ನಾಟಿತು. "ಉಪ್ಪ್ ನೀರ್ ಮರ ಕಾಯ್ತ್. ಮಳಿ ನೀರ್ ತಿಂತ್." ಮರ ಕೊಳೆಸುವ ಶಿಲೀಂಧ್ರಕ್ಕೆ ಉಪ್ಪು ಒಗ್ಗುವುದಿಲ್ಲ, ಸಿಹಿನೀರು ಬೇಕು. ಸಮುದ್ರದಲ್ಲಿ ತೇಲುವ ದೋಣಿಗಿಂತ ಸಮುದ್ರವೇ ಇಲ್ಲದ ಊರಿನ ಹಿತ್ತಲಲ್ಲಿ ಮಳೆಗೆ ತೋಯುವ ದೋಣಿ ಬೇಗ ಲಡ್ಡಾಗುವುದು ಇದಕ್ಕೇ. ಮರದ ತೇವಾಂಶ ಶೇಕಡ 20ರ ಒಳಗಿದ್ದರೆ ಕೊಳೆತ ಮುಂದುವರಿಯುವುದಿಲ್ಲ. ನನ್ನ ಹತ್ತಿರ ಎರಡು ಮುಳ್ಳಿನ ಮೀಟರ್ ಇದೆ, ಉದ್ದಕ್ಕೂ ಚುಚ್ಚುತ್ತಾ ಬಂದೆ. ಮೂತಿಯ ಹತ್ತಿರ 12, ನಡುವೆ 14, ಟ್ರಾನ್ಸಮ್ ಬುಡದಲ್ಲಿ 27. ತಿಂಗಳು ಒಣಗಿಸಿದ ಮೇಲೂ 27.

ಆಚಾರ್ರಿಗೆ ಮೀಟರ್ ಬೇಕಿರಲಿಲ್ಲ. ಉಳಿಯ ಹಿಡಿಯಿಂದ ಕುಟ್ಟುತ್ತಾ ಹೋದರು. ಮುಂದಿನ ಅರ್ಧದಲ್ಲಿ ಟಣ್ ಟಣ್ ಅಂತ ಗಟ್ಟಿ ಸದ್ದು. ದೋಣಿ ಪಕ್ಕಕ್ಕೆ ಜಾರದಂತೆ ನಡುವಿನಿಂದ ನೀರಿಗೆ ಇಳಿಸುವ ಹಲಗೆ ಸೆಂಟರ್‌ಬೋರ್ಡ್, ಅದು ಕೂರುವ ಪೆಟ್ಟಿಗೆ ದಾಟಿದ ಮೇಲೆ ಸದ್ದು ಮಂಕಾಯಿತು, ಹಿಂಬದಿಗೆ ಹೋಗುತ್ತಾ ರಟ್ಟು ಬಡಿದಂತೆ ಆಯಿತು. ಅಲ್ಲಿ ಅಡಿಭಾಗಕ್ಕೆ ಯಾರೋ ಹಿಂದೆ ಫೈಬರ್‌ಗ್ಲಾಸ್ ಬಟ್ಟೆ ಅಂಟಿಸಿದ್ದರು. ಅಂಚಿಗೆ ಪಟ್ಟಿ ಉಳಿ ಕೊಟ್ಟು ಎತ್ತಿದರೆ, ಬೆರಳಲ್ಲಿ ಎಳೆದರೆ ಸಾಕು, ಹಾಳೆಹಾಳೆಯಾಗಿ ಬಂತು. ಅದರ ಒಳಮೈ ಒದ್ದೆ. ಪಾಲಿಯೆಸ್ಟರ್ ರೆಸಿನ್ ಮರವನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಅಗ್ಗ ಅಂತ ಬಳಸುತ್ತಾರೆ, ಕೆಲವು ವರ್ಷಕ್ಕೆ ಅದು ಮರದಿಂದ ಬಿಟ್ಟುಕೊಂಡು ನಡುವೆ ನೀರಿಗೆ ಜಾಗ ಮಾಡಿಕೊಡುತ್ತದೆ. ಸೋರುವುದನ್ನು ನಿಲ್ಲಿಸಲು ಹಾಕಿದ ಹೊದಿಕೆಯೇ ಮರವನ್ನು ಒಣಗಲು ಬಿಡದೆ ತಿಂದಿದೆ. ಹೊದಿಕೆ ತೆಗೆದ ಜಾಗದಲ್ಲಿ ಪ್ಲೈವುಡ್ ಪದರಪದರ ಬಿಟ್ಟಿದೆ, ಬಣ್ಣ ಕಾಫಿಪುಡಿ, ಚೌಕಚೌಕ ಬಿರುಕು. ಟ್ರಾನ್ಸಮ್ಮಿಗೆ ದಬ್ಬಳ ಇಟ್ಟರೆ ಹಿಡಿಯವರೆಗೂ ಇಳಿಯಿತು.

ಹಿಂಬದಿ ಹೋಯಿತು ಅನ್ನುವುದು ಖಾತ್ರಿಯಾಯಿತು. ಇನ್ನು ಬೆನ್ನುಮರ.

ಅದಕ್ಕೆ ಒಂದು ಪರೀಕ್ಷೆ ಇದೆ, ಹಳೇ ಮರದ ಕೆಲಸ ಮಾಡುವ ಎಲ್ಲರೂ ಕಲಿತುಕೊಳ್ಳಬೇಕಾದ್ದು. ದಬ್ಬಳವನ್ನು ಮರದ ಎಳೆಯ ದಿಕ್ಕಿಗೆ ಓರೆಯಾಗಿ ಸ್ವಲ್ಪ ಚುಚ್ಚಿ ಮೇಲಕ್ಕೆ ಮೀಟಬೇಕು. ಮರ ಜೀವಂತವಾಗಿದ್ದರೆ ಉದ್ದನೆಯ ಸಿಬಿರು ಚಟಚಟ ಅಂತ ಎದ್ದು ಬರುತ್ತದೆ. ಕೊಳೆತಿದ್ದರೆ ಸದ್ದೇ ಇಲ್ಲದೆ ದಬ್ಬಳದ ತುದಿಯ ಮೇಲೆಯೇ ಅಡ್ಡಕ್ಕೆ ಮುರಿದು ಪುಡಿಯಾಗುತ್ತದೆ. ಬರೀ ಕಣ್ಣಿಗೆ, ಉಗುರಿಗೆ ಗೊತ್ತಾಗದ ಮೊದಲ ಹಂತದ ಕೊಳೆತವನ್ನೂ ಇದು ತೋರಿಸುತ್ತದೆ. ಗೇಣಿಗೊಂದರಂತೆ ಮೂತಿಯಿಂದ ಶುರು ಮಾಡಿದೆವು. ಆಚಾರ್ರು ಮೀಟುತ್ತಾರೆ, ನಾನು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತೇನೆ. ಸಿಬಿರು, ಸಿಬಿರು, ಸಿಬಿರು. ಉದ್ದ, ಬೆಳ್ಳಗೆ, ಗಟ್ಟಿ. ಸೆಂಟರ್‌ಬೋರ್ಡ್ ಪೆಟ್ಟಿಗೆಯ ಹಿಂಭಾಗಕ್ಕೆ ಬಂದಾಗ ಒಂದು ಕಡೆ ಪುಡಿ ಬಂತು. ನಾನು ಉಸಿರು ಹಿಡಿದೆ. ಅವರು ಪಕ್ಕದಲ್ಲಿ ಚುಚ್ಚಿದರು, ಮತ್ತೆ ಪುಡಿ. ಇನ್ನೊಂದು ಗೇಣು ದಾಟಿ ಚುಚ್ಚಿದರು. ಚಟ್ ಅಂತ ಸಿಬಿರು ಎದ್ದಿತು. "ಇಲ್ಲ್ ಗಟ್ಟಿ ಇತ್ತ್ ಕಾಣಿ," ಅಂದರು. ಅಲ್ಲಿಂದ ಟ್ರಾನ್ಸಮ್ಮಿಗೆ ಒಂದು ಗೇಣು ಇರುವವರೆಗೂ ಗಟ್ಟಿಯೇ.

ಅಂದರೆ ಬೆನ್ನುಮರದಲ್ಲಿ ಹಾಳಾಗಿರುವುದು ಎರಡು ಕಡೆ: ಪೆಟ್ಟಿಗೆಯ ಹಿಂದೆ ಒಂದಿಷ್ಟು, ಕೊನೆಯ ತುದಿ ಒಂದಿಷ್ಟು. ಮೂಲೆಪಟ್ಟಿಗಳಲ್ಲಿ ಎಡಗಡೆಯ ಕೆಳಗಿನದು ತುದಿಯಲ್ಲಿ ಹೋಗಿದೆ, ಉಳಿದವು ಚೆನ್ನಾಗಿವೆ. ಬಲಬದಿಯ ಅಂಚುಪಟ್ಟಿಗೆ ಇಟ್ಟಿಗೆಯ ಮೇಲಿಂದ ಗೆದ್ದಲು ಹತ್ತಿದೆ, ಅದನ್ನು ಬಿಚ್ಚಿ ಸುಡುವುದೇ. ಹಿತ್ತಾಳೆ ಸ್ಕ್ರೂಗಳನ್ನು ಕೆಲವು ಬಿಚ್ಚಿ ಉಜ್ಜಿ ನೋಡಿದೆ. ಸತು ಕರಗಿಹೋದ ಹಿತ್ತಾಳೆ ತಾಮ್ರದಂತೆ ಕೆಂಪಗಾಗಿ, ತಿರುಗಿಸಿದರೆ ತಲೆ ಮುರಿಯುತ್ತದೆ. ಇವು ಹಳದಿಯಾಗಿಯೇ ಇವೆ.

ಏಪ್ರಿಲ್

ಲೆಕ್ಕಾಚಾರದ ತಿಂಗಳು. ಆಚಾರ್ರ ವಾದ ಹೊಸದನ್ನೇ ಕಟ್ಟೋಣ ಅಂತ. "ಸಾರ್, ಹಳೇದಕ್ಕೆ ತೇಪೆ ಹಾಕೂದ್ರಾಗೆ ಹೊಸದ್ ಎದ್ದ್ ನಿಲ್ತ್." ಮರದ ಖರ್ಚಷ್ಟೇ ನೋಡಿದರೆ ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಆದರೆ ಹೊಸದಕ್ಕೆ ಮೊದಲು ಅಚ್ಚು ಬೇಕು, ಅಡ್ಡಚೌಕಟ್ಟುಗಳನ್ನು ಕೂದಲೆಳೆ ವ್ಯತ್ಯಾಸವಿಲ್ಲದೆ ನಿಲ್ಲಿಸಬೇಕು, ಕಂಬ, ಚುಕ್ಕಾಣಿ, ಹಾಯಿ, ರಾಟೆ ಎಲ್ಲ ಹೊಂದಿಸಬೇಕು. ಇಲ್ಲಿ ಮುಂದಿನ ಅರ್ಧ ದೋಣಿಯೇ ಅಚ್ಚು. ಕಂಬ ಅಲ್ಯೂಮಿನಿಯಂ, ನೆಟ್ಟಗಿದೆ. ಚುಕ್ಕಾಣಿ ಚೆನ್ನಾಗಿದೆ. ಹಾಯಿಯ ಹೊಲಿಗೆ ಕೆಲವು ಕಡೆ ಬಿಟ್ಟಿದೆ, ಬಟ್ಟೆ ಹಾಳಾಗಿಲ್ಲ.

ಪ್ಲೈವುಡ್ ವಿಚಾರದಲ್ಲಿ ಒಂದು ಮಾತು, ಬೇರೆಯವರಿಗೂ ಉಪಯೋಗವಾಗಬಹುದು. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆ ಹೋಗಿ ನೀರಿಗೆ ತಡೆಯುವ 'ಮರೈನ್' ಪ್ಲೈವುಡ್ ಕೊಡಿ ಅಂದರೆ ಎಲ್ಲರೂ ಒಂದು ಹಾಳೆ ತೋರಿಸುತ್ತಾರೆ. ಅದರ ಮೇಲೆ ಐಎಸ್ 710 ಅಂತ ಐಎಸ್‌ಐ ಮುದ್ರೆ ಇರಬೇಕು. ಆ ಮಾನದಂಡದಲ್ಲಿ ಅಂಟನ್ನು 72 ಗಂಟೆ ನೀರಿನಲ್ಲಿ ಕುದಿಸಿ ಪರೀಕ್ಷಿಸುತ್ತಾರೆ. ಐಎಸ್ 303 ಬೇರೆ, ಅದು ಮನೆಯೊಳಗಿನ ಕೆಲಸಕ್ಕೆ. ಮುದ್ರೆ ಇದ್ದರೂ ಹಾಳೆಯ ಅಂಚನ್ನು ಸುತ್ತಲೂ ನೋಡಿ. ಅಡುಗೆಮನೆಯ ಕಪಾಟಿಗೆ ಒಳಪದರದಲ್ಲಿ ಸಣ್ಣ ಸಂದು ಇದ್ದರೆ ನಡೆಯುತ್ತದೆ, ದೋಣಿಗೆ ಆ ಸಂದೇ ನೀರಿನ ದಾರಿ. ಆರು ಮಿಲಿಮೀಟರಿಗೆ ಮೂರು ಪದರದ್ದೂ ಸಿಗುತ್ತದೆ, ಐದು ಪದರದ್ದೂ ಸಿಗುತ್ತದೆ. ಐದರದ್ದೇ ಬೇಕು. ಅಂಗಡಿಯವರಿಂದ ಒಂದು ತುಂಡು ಕೇಳಿ ತಂದು, ಮನೆಯ ಹಳೇ ಪಾತ್ರೆಯಲ್ಲಿ ಕುದಿಸಿ, ಒಣಗಿಸಿ, ಮತ್ತೆ ಕುದಿಸಿದೆ. ಪದರ ಬಿಡಲಿಲ್ಲ.

ಹಲಗೆ ಜೋಡಣೆಗೆ ಓರೆಗತ್ತರಿ, ಅಂದರೆ ಎರಡೂ ಹಲಗೆಯ ತುದಿಗಳನ್ನು ಓರೆಯಾಗಿ ಕೆತ್ತಿ ಒಂದರ ಮೇಲೊಂದು ಅಂಟಿಸುವುದು. ಓರೆ ದಪ್ಪದ ಎಂಟರಷ್ಟು ಉದ್ದ. ಆರು ಮಿ.ಮೀ. ಹಲಗೆಗೆ 48 ಮಿ.ಮೀ. ಓರೆ. ಎಪಾಕ್ಸಿ ಅಂಟು. ಹೀಗೆ ಕೂಡಿಸಿದ ಜಾಗ ಹಲಗೆಯಷ್ಟೇ ಗಟ್ಟಿ, ಹಲಗೆಯಂತೆಯೇ ಬಾಗುತ್ತದೆ. ಬೆನ್ನುಮರದ ಎರಡು ಜಾಗಕ್ಕೂ ಇದೇ ಲೆಕ್ಕ, ದಪ್ಪ ಹೆಚ್ಚಿರುವುದರಿಂದ ಓರೆಯೂ ಉದ್ದ. ಪೆಟ್ಟಿಗೆಯ ಹಿಂದಿನ ಜಾಗಕ್ಕೆ ಕೈ ಹಾಕಲು ಪೆಟ್ಟಿಗೆಯನ್ನೇ ಬಿಚ್ಚಬೇಕು. ಇಡೀ ಕೆಲಸದಲ್ಲಿ ನನಗೆ ಹೆದರಿಕೆ ಇರುವುದು ಇದೊಂದಕ್ಕೆ. ಈ ದೋಣಿಗಳು ಮೊದಲು ಸೋರುವುದೇ ಆ ಕೂಡುವಿಕೆಯಲ್ಲಿ.

ಪ್ಲೈವುಡ್, ಎಪಾಕ್ಸಿ, ಬಣ್ಣ, ಹಗ್ಗ, ಆಚಾರ್ರ ಕೂಲಿ, ಬೊಲೆರೋ ಪಿಕಪ್ ಬಾಡಿಗೆ ಸೇರಿ ಐವತ್ತು ಸಾವಿರದ ಆಸುಪಾಸು. ಮನೆಯಲ್ಲಿ ಕೂತು ಮಾತಾಡಿದೆವು. ಒಂದೇ ಸಲ ಬೇಡ, ಹಂತಹಂತವಾಗಿ ಅಂತಾದರೆ ಆಗಬಹುದು ಅಂದಳು ಹೆಂಡತಿ.

ತೀರ್ಮಾನ: ರಿಪೇರಿ ಮಾಡುತ್ತೇನೆ. ಆದರೆ ಸ್ಪರ್ಧೆಯ ದೋಣಿಯಾಗಿ ಅಲ್ಲ. ಹಳೇ ಫೈಬರ್‌ಗ್ಲಾಸ್ ಹೋಗಿ ಹೊಸ ಎಪಾಕ್ಸಿ ಬಂದರೆ ತೂಕ ನೂರರ ಮೇಲೆಯೇ ನಿಲ್ಲುತ್ತದೆ, ನಿಯಮದ 94ಕ್ಕಿಂತ ಈಗ ಹೆಚ್ಚಿರುವ ಹದಿನೈದು ಕೆ.ಜಿ. ಇಳಿಸಲು ಒಳ್ಳೇ ಮರ ಕೀಳುವುದು ನನಗೆ ಒಪ್ಪಿಗೆಯಿಲ್ಲ. ಕೆ.ಆರ್.ಎಸ್. ಹಿನ್ನೀರಿನಲ್ಲಿ, ಅಣೆಕಟ್ಟೆ 124.80 ಅಡಿ ತುಂಬಿರುವ ದಿನಗಳಲ್ಲಿ, ಇಬ್ಬರು ಕೂತು ನಿಧಾನವಾಗಿ ಹಾಯಿ ಬಿಡಲು ಈ ತೂಕ ಅಡ್ಡಿಯಲ್ಲ. ಈ ದೋಣಿ ನೀರಿಗಿಳಿದು ನೀಲಿ ಹಾಯಿ ಏರಬೇಕು. ಅದಕ್ಕಾಗಿಯೇ ಇಷ್ಟೆಲ್ಲ.

ಆಂಟಿಗೆ ವಿಷಯ ಹೇಳಿದೆ. ಏನೇನು ಹೋಗಿದೆ, ಏನು ಉಳಿದಿದೆ, ಎಷ್ಟು ಸಮಯ ಹಿಡಿಯುತ್ತದೆ, ಎಲ್ಲ. ಸೀಮೆಸುಣ್ಣದ ಗುರುತುಗಳನ್ನು ತೋರಿಸು ಅಂದರು, ತೋರಿಸಿದೆ. ಒಂದೊಂದನ್ನೂ ಮುಟ್ಟಿ ನೋಡಿ, "ಸರಿ, ತೊಗೊಂಡ್ಹೋಗು. ಹಾಯಿ ಮಾತ್ರ ನಾನೇ ಹೊಲಿದು ಕೊಡ್ತೀನಿ, ಅದನ್ನ ಬೇರೆಯವ್ರಿಗೆ ಕೊಡಬೇಡ," ಅಂದರು. ಹಿಂದೆಯೂ ಅವರೇ ಹೊಲಿಯುತ್ತಿದ್ದರಂತೆ.

ಮುಂದಿನ ಕೆಲಸ

ಮೇ ಮಳೆ ಹಿಡಿಯುವ ಮೊದಲು ದೋಣಿ ನಮ್ಮ ಕಾರ್ ಶೆಡ್ಡಿಗೆ ಬರಬೇಕು. ಟ್ರಾನ್ಸಮ್ ಪೂರ್ತಿ ಕುಸಿಯುವ ಮುಂಚೆ ಅದರ ಆಕಾರವನ್ನು ರಟ್ಟಿನ ಮೇಲೆ ಎತ್ತಿಕೊಳ್ಳುವುದು ಮೊದಲ ಕೆಲಸ, ಅದು ಬಿದ್ದುಹೋದರೆ ಅಳತೆಯೂ ಹೋಯಿತು. ಹಿಂಬದಿ ಬಿಚ್ಚಿದಾಗ ಬದಿಗಳು ಅಗಲವಾಗದಂತೆ ಅಡ್ಡಪಟ್ಟಿ ಹೊಡೆಯಬೇಕು. ಎಪಾಕ್ಸಿ ಕೆಲಸ ಬೆಳಗ್ಗೆ ಹತ್ತರ ಮೇಲೆ ಶುರು ಮಾಡಿ ಸಂಜೆಯ ತಂಪಿಗೆ ಮುಂಚೆ ಮುಗಿಸುವುದು. ತೇವದ ಗಾಳಿಯಲ್ಲಿ ಅದರ ಮೇಲೆ ಜಿಡ್ಡಿನಂಥ ಪೊರೆ ಬರುತ್ತದೆ, ಅದನ್ನು ನೀರಿನಲ್ಲಿ ತೊಳೆದು ಉಜ್ಜದೆ ಇನ್ನೊಂದು ಪದರ ಹಾಕಿದರೆ ಹಿಡಿಯುವುದಿಲ್ಲ. ಜೋರು ಮಳೆಯ ವಾರಗಳಲ್ಲಿ ಅಂಟಿನ ಕೆಲಸ ಬಿಟ್ಟು ಬಣ್ಣ ಕೆರೆಯುವುದು, ಪಿತ್ತಳೆ ಸಾಮಾನು ಉಜ್ಜುವುದು. ಅಕ್ಕಪಕ್ಕದ ತೇಲುಪೆಟ್ಟಿಗೆಗಳಿಗೆ ಗಾಳಿ ಊದಿ ಸಾಬೂನು ನೀರು ಹಚ್ಚಿ ಸೋರಿಕೆ ನೋಡುವುದು ಇನ್ನೂ ಬಾಕಿ ಇದೆ, ಅದನ್ನು ಮನೆಗೆ ಬಂದ ವಾರವೇ ಮಾಡಬೇಕು.